ನೀಲಿ ಅಂಚಿನ ತಟ್ಟೆ

ಇಪ್ಪತ್ತಮೂರು ವರ್ಷದ ಹಿಂದೆ ನಾನು ಒಂದು ಊಟದ ತಟ್ಟೆಯನ್ನು ಕಸಕ್ಕೆ ಹಾಕಿದೆ. ಅದು ನನ್ನದಾಗಿರಲಿಲ್ಲ. ಹಾಕಿದ್ದಕ್ಕಿಂತ ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಎರಡನ್ನೂ ಇಲ್ಲಿ ಬರೆದುಬಿಡುತ್ತೇನೆ. ಬಾಯಿಬಿಟ್ಟು ಹೇಳಬೇಕಾಗಿದ್ದ ಹೊತ್ತಿನಲ್ಲಿ ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಆಗ ನಾವು ಯೂನಿಯನ್ ಸಿಟಿಯಲ್ಲಿ, ಬಾರ್ಟ್ ರೈಲಿನ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ. ದಿನಾ ಸೇತುವೆ ದಾಟಿ ಹೋಗಬೇಕು, ದಾಟಿ ಬರಬೇಕು. ಮಗಳಿಗೆ ಒಂದೂವರೆ ವರ್ಷ. ಎರಡು ಬೀದಿ ಆಚೆ ಬ್ರೆಜಿಲಿನ ಒಬ್ಬ ಹೆಂಗಸು ತನ್ನ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಆಳು, ದೊಡ್ಡ ಹೊಟ್ಟೆ, ಸಣ್ಣ ಪಾದ. ಅಲ್ಲಿನ ಐದಾರು ಮಕ್ಕಳೂ ಅವಳನ್ನು ವೊವೊ ಅನ್ನುತ್ತಿದ್ದವು. ಅವರ ಭಾಷೆಯಲ್ಲಿ ಅಜ್ಜಿ ಅಂತ. ನಾವೂ ಹಾಗೇ ಅಂದೆವು. ನನ್ನ ಮಗಳು ಮೊದಲು ಸ್ಪಷ್ಟವಾಗಿ ಆಡಿದ ಮಾತೂ ಅದೇ. ಅಮ್ಮ ಅನ್ನುವುದು ಎರಡು ವಾರ ತಡವಾಗಿ ಬಂತು. ಹೊಟ್ಟೆಕಿಚ್ಚಾಯಿತೇ ಅಂದರೆ, ಹೌದು, ಆಯಿತು.

ಮಗುವನ್ನು ಕರೆದುಕೊಂಡು ಹೋಗಲು ಸಂಜೆ ಐದೂವರೆಗೆ ಬಂದರೆ ಅಡುಗೆಮನೆಯಿಂದ ಕರಕರ ಸದ್ದು ಕೇಳುತ್ತಿತ್ತು. ವೊವೊ ಎಡಗೈಯಲ್ಲಿ ಒಂದು ತಟ್ಟೆ ಹಿಡಿದು, ಬಲಗೈಯ ಊಟದ ಚಾಕುವಿನಿಂದ ಅದರ ಅಂಚನ್ನು ಕೆರೆಯುತ್ತಿದ್ದಳು. ಎನಾಮಲ್ ಲೇಪದ ಹಳೆಯ ತಗಡಿನ ತಟ್ಟೆ, ಬಿಳಿ ಮೈ, ನೀಲಿ ಅಂಚು. ಒಂದು ಕಡೆ ಆ ನೀಲಿ ಪೂರಾ ಸವೆದು ಕಪ್ಪು ತಗಡು ಕಾಣುತ್ತಿತ್ತು. ಕೆರೆಯುವುದೆಂದರೆ ಸುಮ್ಮನೆ ಕೆರೆಯುವುದಲ್ಲ. ಅದರಲ್ಲಿ ತಾಳವಿತ್ತು, ಎಳೆತವಿತ್ತು, ನಡುವೆ ಒಂದು ತಡೆ ಇತ್ತು. ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದವು. ಅವಳು ಒಂದು ಸಾಲು ಹಾಡಿದರೆ ಅವು ಒಂದು ಸಾಲು ಕೂಗುತ್ತಿದ್ದವು.

"ಇದು ಸಾಂಬಾ," ಎಂದಳು ನಾನು ಕೇಳಿದಾಗ. ಸಾಂಬಾ ಅಂದರೆ ಟೀವಿಯಲ್ಲಿ ಬರುವ, ಗರಿ ಕಟ್ಟಿಕೊಂಡು ಕುಣಿಯುವ ಮೆರವಣಿಗೆ ಅಂತ ನಾನು ಅಂದುಕೊಂಡಿದ್ದೆ. ಹಾಗೇ ಹೇಳಿದೆ. ಅವಳು ಮೂಗು ಮುರಿದಳು. "ಅದು ಮೊಮ್ಮಗಳು. ಪೇಟೆ ಸೇರಿದವಳು. ಇದು ಅಜ್ಜಿ."

ಮಗಳು ಬೂಟು ಹಾಕಿಕೊಳ್ಳಲು ತೆಗೆದುಕೊಳ್ಳುತ್ತಿದ್ದ ಹತ್ತು ನಿಮಿಷದಲ್ಲಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು, ಆ ಅಜ್ಜಿಯ ಕತೆಯೆಲ್ಲ ನನಗೆ ಗೊತ್ತಾಯಿತು. ಬಹಿಯಾ ಎಂಬ ಸೀಮೆ. ಅಲ್ಲಿ ದೊಡ್ಡ ಕೊಲ್ಲಿಯ ಸುತ್ತ ಕಬ್ಬಿನ ತೋಟಗಳು. ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದ ಜನ ಅಲ್ಲಿ ತಲೆಮಾರುಗಟ್ಟಲೆ ಗುಲಾಮರಾಗಿ ಕಬ್ಬು ಕಡಿದರು, ಗಾಣಕ್ಕೆ ಕೊಟ್ಟರು. ಧಣಿಯ ಅಡುಗೆಮನೆಯಲ್ಲಿ ದುಡಿದ ಹೆಂಗಸರಿಗೆ ವಾದ್ಯ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ್ದು ತಟ್ಟೆ, ಚಾಕು. ಈ ತಟ್ಟೆ ವೊವೊಳ ಅಜ್ಜಿಯದು. ಅವಳು ಕೆರೆದಳು, ಆಮೇಲೆ ತಾಯಿ, ಆಮೇಲೆ ಇವಳು. ಅಂಚು ಸವೆದದ್ದು ಮೂವರು ಹೆಂಗಸರಿಂದ.

ಈ ಸಾಂಬಾಕ್ಕೆ ಎಲ್ಲರೂ ವೃತ್ತವಾಗಿ ನಿಲ್ಲಬೇಕು, ನಡುವೆ ಒಂದು ಹೊತ್ತಿಗೆ ಒಬ್ಬರೇ ಕುಣಿಯಬೇಕು. ಪಾದ ನೆಲ ಬಿಡುವುದಿಲ್ಲ. ಅಂಗಳದಲ್ಲಿ ಹರವಿದ ಕಾಳಿನಲ್ಲಿ ಕಾಲಾಡಿಸಿದ ಹಾಗೆ ಸಣ್ಣ ಸಣ್ಣ ಹೆಜ್ಜೆ. ಸಾಕೆನಿಸಿದಾಗ ಕುಣಿಯುವವಳು ಸುತ್ತ ನಿಂತವರಲ್ಲಿ ಒಬ್ಬರ ಮುಂದೆ ಬಂದು, ತನ್ನ ಹೊಕ್ಕುಳನ್ನು ಅವರ ಹೊಕ್ಕುಳಿಗೆ ಮೆಲ್ಲಗೆ ತಾಗಿಸುತ್ತಾಳೆ. ಅದೇ ಕರೆ. ಕರೆಸಿಕೊಂಡವರು ಒಳಗೆ ಹೋಗಬೇಕು, ಕರೆದವಳು ಹೊರಗೆ ನಿಲ್ಲಬೇಕು. ತಾವಾಗಿಯೇ ಯಾರೂ ಒಳಗೆ ಇಳಿಯುವಂತಿಲ್ಲ. "ಕರೆಯುವವರೆಗೂ ಚಪ್ಪಾಳೆ ತಟ್ಟುತ್ತಿರಬೇಕು," ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು. "ಚಪ್ಪಾಳೆ ನಿಲ್ಲಿಸಿದವರನ್ನು ಯಾರೂ ಕರೆಯುವುದಿಲ್ಲ."

ಒಂದು ಸಂಜೆ ಅವಳು ಕುಣಿಯುತ್ತ ಕುಣಿಯುತ್ತ ನೇರ ನನ್ನ ಮುಂದೆ ಬಂದಳು. ನಾನು ಆಫೀಸಿನ ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು ಹಿಂದೆ ಸರಿದೆ. ಟ್ರಾಫಿಕ್ಕು, ಅಡುಗೆ ಆಗಬೇಕು, ಇನ್ನೊಂದು ದಿನ ಎಂದೆ. ಅವಳು ನಕ್ಕು ಪಕ್ಕದ ಮಗುವನ್ನು ಕರೆದಳು. ಮೈಸೂರಿನಲ್ಲಿ ಬೆಳೆದ ನನಗೆ ಹೊಕ್ಕುಳೆಂದರೆ ಸೆರಗಿನಲ್ಲಿ ಮುಚ್ಚಿಡುವ ವಸ್ತು. ಅದನ್ನು ಮುಂದೆ ಮಾಡಿಕೊಂಡು ಇನ್ನೊಬ್ಬರನ್ನು ಕರೆಯುವುದೆಂದರೇನು.

ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಗೆ ಹೋದಾಗಲೆಲ್ಲ ಅವಳಿಗೆ ಬೆಂಡೆಕಾಯಿ ತಂದುಕೊಡುತ್ತಿದ್ದೆ. ಅವರ ಊರಿನ ಮಕ್ಕಳ ಹಬ್ಬಕ್ಕೆ ಬೆಂಡೆಕಾಯಿಯ ಗೊಜ್ಜಿನಂಥದ್ದು ಆಗಲೇಬೇಕಂತೆ. ಏಳು ಮಕ್ಕಳು ಉಂಡ ಮೇಲೇ ದೊಡ್ಡವರು ಉಣ್ಣಬೇಕಂತೆ. ಅದಕ್ಕೆ ಒಣಸೀಗಡಿ ಹಾಕುವುದು ರೂಢಿ. ನನ್ನ ಮಗಳಿಗಾಗಿ ಅವಳು ಬೇರೆ ಪಾತ್ರೆಯಲ್ಲಿ ಬೇರೆ ಸೌಟು ಇಟ್ಟು ಸೀಗಡಿ ಇಲ್ಲದೆ ಮಾಡಿದಳು. ನಾನು ಹೇಳಿರಲಿಲ್ಲ. ಅಷ್ಟು ಒಳ್ಳೆಯವಳು.

ಮಗಳಿಗೆ ಮೂರು ತುಂಬಿದಾಗ ಹುಬ್ಬಳ್ಳಿಯಿಂದ ಅತ್ತೆ ಬಂದರು. ಮಾವ ಬರಲಿಲ್ಲ. ಹಿಂದಿನ ಸಲ ಬಂದು, ದಿನವಿಡೀ ಕಿಟಕಿಯ ಮುಂದೆ ಕೂತು ಬೇಸತ್ತು, ಇನ್ನು ನನ್ನನ್ನು ಕರೆಯಬೇಡಿ ಎಂದಿದ್ದರು. ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ಅವಳು ಹೊಟ್ಟೆ ಮುಂದೆ ಮಾಡಿಕೊಂಡು ಬಂದು ಅವರ ಹೊಟ್ಟೆಗೆ ಡಿಕ್ಕಿ ಹೊಡೆದಾಗ ಸಿಟ್ಟಾಗುತ್ತಾರೇನೋ ಅಂತ ನಾನು ಹೆದರಿದ್ದೆ. ಅವರು ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ಹೆಜ್ಜೆ ಕುಣಿದೇಬಿಟ್ಟರು. ಅವರಿಗೆ ಆಗದೆ ಹೋದದ್ದು ತಟ್ಟೆಯ ಸದ್ದು ಮಾತ್ರ. ಮಗಳು ಊಟಕ್ಕೆ ಕೂತರೆ ಚಮಚದಿಂದ ಸ್ಟೀಲ್ ತಟ್ಟೆಯ ಅಂಚು ಕೆರೆಯುತ್ತಿದ್ದಳು, ದಿನಾ, ಎರಡು ಹೊತ್ತೂ.

"ತಾಟ ಬಾರಸಬ್ಯಾಡ ಬಂಗಾರಾ," ಎನ್ನುತ್ತಿದ್ದರು ಅತ್ತೆ. "ಉಣ್ಣೂ ತಾಟ ಅದು. ಮನಿಗೆ ಛಲೋ ಅಲ್ಲ."

ಮೈಸೂರಿನಲ್ಲಿ ನನ್ನ ತಾಯಿಯೂ ಇದನ್ನೇ ಹೇಳುತ್ತಿದ್ದಳು. ನಾನು ನಕ್ಕು ಸುಮ್ಮನಾದೆ. ಮೂರನೆಯ ವಾರ ಒಂದು ಬೆಳಿಗ್ಗೆ, ಮಗಳು ಉಪ್ಪಿಟ್ಟಿನ ತಟ್ಟೆ ಕೆರೆಯುತ್ತ ಹಾಡುತ್ತಿದ್ದಾಗಲೇ, ಹುಬ್ಬಳ್ಳಿಯಿಂದ ಫೋನು ಬಂತು. ಮಾವ ಪೇಪರು ಓದುತ್ತ ಕುರ್ಚಿಯಲ್ಲೇ ಹೋಗಿದ್ದರು. ಅತ್ತೆ ವಿಮಾನ ಹತ್ತಿ ಊರು ಮುಟ್ಟುವುದರೊಳಗೆ ಮಣ್ಣು ಮಾಡಿ ಮುಗಿದಿತ್ತು. ಹೊರಡುವ ಮುಂಚೆ ಅವರು ಅಳಲಿಲ್ಲ. ಅಡುಗೆಕಟ್ಟೆಯ ಮೇಲಿದ್ದ ಆ ಸಣ್ಣ ತಟ್ಟೆಯನ್ನೇ ನೋಡುತ್ತ ನಿಂತರು.

"ಮುಂಜಾನಿ ಸಂಜಿ ತಾಟ ಬಾರಸಿದ್ರ ಮತ್ತೇನಾಗತೈತಿ," ಎಂದರು.

ಒಂದು ಸಲ ಆದದ್ದನ್ನು ನಾನು ನಂಬುವವಳಲ್ಲ. ಲ್ಯಾಬಿನಲ್ಲಿ ಯಾರಾದರೂ ಒಂದೇ ಮಾದರಿ ಹಿಡಿದುಕೊಂಡು ತೀರ್ಮಾನಕ್ಕೆ ಬಂದರೆ ಮೀಟಿಂಗಿನಲ್ಲಿ ಅವರ ಮಾನ ಹರಾಜು ಹಾಕುತ್ತಿದ್ದೆ. ಆದರೆ ನನ್ನ ಗಂಡ ತಂದೆಯ ಮುಖ ನೋಡಲಾಗದೆ ಹೋದವನು, "ಅವ್ವನ ಮನಸ್ಸಿಗಿ ಸಮಾಧಾನ ಆಗ್ಲಿ, ಕೂಸಿನ್ನ ಅಲ್ಲಿಂದ ಬಿಡಿಸಿಬಿಡು," ಎಂದಾಗ ನಾನು ಎದುರಾಡಲಿಲ್ಲ. ನಿಜ ಹೇಳುತ್ತೇನೆ, ಅವನಿಗಾಗಿ ಸುಮ್ಮನಾದದ್ದಲ್ಲ. ಹೆದರಿಕೆ ನನ್ನೊಳಗೂ ಕೂತಿತ್ತು. ಮಗಳು ಚಮಚ ಎತ್ತಿದರೆ ಫೋನಿನ ಕಡೆ ನೋಡುವಂತಾಗಿದ್ದೆ.

ವೊವೊಗೆ ಸುಳ್ಳು ಹೇಳಿದೆ. ಅತ್ತೆ ವಾಪಸು ಬಂದು ನಮ್ಮ ಜೊತೆಗೇ ಇರುತ್ತಾರೆ, ಮಗುವನ್ನು ಅವರೇ ನೋಡಿಕೊಳ್ಳುತ್ತಾರೆ ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಆ ನೀಲಿ ಅಂಚಿನ ತಟ್ಟೆಯನ್ನು ತಂದು ಮಗಳ ಕೈಗೆ ಕೊಟ್ಟಳು. "ನನಗೆ ಮಕ್ಕಳಿಲ್ಲ," ಎಂದಳು ನನಗೆ. "ಇವಳ ಕೈಯಲ್ಲಿ ತಾಳ ಇದೆ. ಇದು ಇವಳಿಗೆ."

ಬೇಡ ಅನ್ನಬೇಕಿತ್ತು. ಥ್ಯಾಂಕ್ಯೂ ಎಂದೆ. ತಟ್ಟೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು, ಗುರುವಾರ ಗಾರ್ಬೇಜ್ ಟ್ರಕ್ ಬರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದೆ. ಟ್ರಕ್ಕಿನ ಕಬ್ಬಿಣದ ತೋಳು ಡಬ್ಬ ಎತ್ತಿ ಸುರಿದದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಮನಸ್ಸು ಹಗುರಾಯಿತು. ಅದನ್ನೂ ಹೇಳಿಬಿಡಬೇಕು.

ಎರಡು ತಿಂಗಳ ಮೇಲೆ ಗ್ರೋಸರಿಯಲ್ಲಿ ವೊವೊ ಎದುರಾದಳು. ಮಗಳು ಕಾರ್ಟಿನಲ್ಲಿ ಕೂತಿದ್ದಳು, ಮೈಮೇಲೆ ಬೇರೊಂದು ಡೇಕೇರಿನ ಹೆಸರು ಬರೆದ ಟೀಶರ್ಟು. ನನ್ನ ಸುಳ್ಳು ಅವಳೆದುರು ದಪ್ಪ ಅಕ್ಷರದಲ್ಲಿ ಕೂತಿತ್ತು. ಅವಳು ಅದನ್ನು ಓದಿ ನನ್ನನ್ನು ನೋಡಿದಳು. "ಎಷ್ಟು ಎತ್ತರ ಆಗಿದ್ದಾಳೆ," ಎಂದಳು, ಅಷ್ಟೇ. ಮಗಳು ಎರಡೂ ಕೈ ಚಾಚಿ ಹೊಟ್ಟೆ ಮುಂದೆ ಮಾಡಿದಳು. ನಾನು ಕಾರ್ಟು ತಿರುಗಿಸಿದೆ.

ಮುಂದಿನ ವರ್ಷ ನಾವು ಅದೇ ಊರಿನ ಇನ್ನೊಂದು ತುದಿಯಲ್ಲಿ ಮನೆ ಕೊಂಡೆವು. ಮಗಳು ಬೆಳೆದಳು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ಬೆಳೆದು, ಓದು ಮುಗಿಸಿ, ಓಕ್ಲೆಂಡಿನಲ್ಲಿ ಗೆಳತಿಯರ ಜೊತೆ ಮನೆ ಮಾಡಿದಳು. ಅತ್ತೆ ತೀರಿಕೊಂಡು ಎಂಟು ವರ್ಷವಾಯಿತು. ತಟ್ಟೆಯ ಸುದ್ದಿ ಈ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ನನ್ನನ್ನು ಬಿಟ್ಟು.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ಮಗಳ ಫೋನು ಬಂತು. ಹಿಂದೆ ಡೋಲಿನ ಸದ್ದು, ಚಪ್ಪಾಳೆ. ಗೆಳತಿಯೊಬ್ಬಳು ಓಕ್ಲೆಂಡಿನ ಕೆರೆಯ ಪಕ್ಕದ ಪಾರ್ಕಿಗೆ ಅವಳನ್ನು ಕರೆದೊಯ್ದಿದ್ದಳು. ಅಲ್ಲಿ ಬ್ರೆಜಿಲಿನವರು ತಿಂಗಳಿಗೊಮ್ಮೆ ಸೇರಿ ವೃತ್ತದ ಸಾಂಬಾ ಆಡುತ್ತಾರೆ. ಯಾರೋ ಇವಳ ಕೈಗೆ ತಟ್ಟೆ, ಚಾಕು ಕೊಟ್ಟರಂತೆ. ಕೈ ತಾನಾಗಿ ಓಡಿತಂತೆ. "ಅಮ್ಮಾ, ಇದು ನನಗೆ ಹೇಗೆ ಗೊತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳು ಅಳುತ್ತಿದ್ದಳು. ನಾನು ಡೇಕೇರಿನ ವಿಷಯ ಹೇಳಿದೆ. ಅರ್ಧ ಹೇಳಿದೆ.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾಯಿತು. ತಿಂಗಳಿಗೊಮ್ಮೆ ಸಾಲದೆ ವಾರಕ್ಕೊಮ್ಮೆ ಕಲಿಯಲು ಹೋದಳು. ಅದರಲ್ಲೇನಿದೆ ಅಷ್ಟು ಅಂತ ಕೇಳಿದೆ. ಬೇರೆ ಕಡೆ ಎಲ್ಲ ಚೆನ್ನಾಗಿ ಮಾಡಿದರೆ ಮಾತ್ರ ನೋಡುತ್ತಾರೆ ಎಂದಳು. ಭರತನಾಟ್ಯದ ಕ್ಲಾಸಿನಲ್ಲಿ ನೀನು ಹಿಂದಿನ ಸಾಲಿನಲ್ಲಿ ಕೂತು ನನ್ನ ತಪ್ಪು ಎಣಿಸುತ್ತಿದ್ದೆ. ಇಲ್ಲಿ ಮುದುಕರು, ಕುಂಟರು, ತಾಳ ತಪ್ಪುವವರು ಎಲ್ಲರನ್ನೂ ಕರೆಯುತ್ತಾರೆ, ಒಂದು ನಿಮಿಷ ಆ ಜಾಗ ಅವರದೇ, ಆಮೇಲೆ ಅದನ್ನು ಬಿಟ್ಟುಕೊಡಬೇಕು. ಅಷ್ಟೆಲ್ಲ ಕಳೆದುಕೊಂಡ ಜನ ಇಷ್ಟನ್ನು ಉಳಿಸಿಕೊಂಡರಲ್ಲಮ್ಮಾ, ಎಂದಳು. ನಾನು ಸಾರಿಗೆ ಒಗ್ಗರಣೆ ಹಾಕುವ ನೆಪ ಮಾಡಿದೆ.

ಆ ಗುಂಪಿನವರ ಮೂಲಕವೇ ವೊವೊ ಸಿಕ್ಕಿದಳು. ಹೇವರ್ಡಿನ ಒಂದು ಕೇರ್ ಹೋಮಿನಲ್ಲಿದ್ದಳು, ಪಾರ್ಶ್ವವಾಯು ಹೊಡೆದು ಎಡಗಾಲು ಹೋಗಿತ್ತು, ಮಾತು ಕಮ್ಮಿಯಾಗಿತ್ತು. ಮಗಳು ಒಬ್ಬಳೇ ಹೋಗಿ ನೋಡಿ ಬಂದು ನನಗೆ ಫೋನು ಮಾಡಿದಳು. ವೊವೊ ಅವಳ ಗುರುತು ಹಿಡಿದಳಂತೆ. ಹಿಡಿದು, ಮೊದಲು ಕೇಳಿದ್ದು ತಟ್ಟೆಯನ್ನಂತೆ.

"ನನಗೆ ಕೊಟ್ಟಿದ್ದಾಳಂತೆ, ಅಮ್ಮಾ. ಅವಳ ಅಜ್ಜಿದು. ನಮ್ಮನೇಲಿದೆಯಾ?"

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳು ಕಿರುಚುತ್ತಿದ್ದಳು, ತಿಂಗಳು ಮಾತು ಬಿಡುತ್ತಿದ್ದಳು, ಆಮೇಲೆ ಸರಿಹೋಗುತ್ತಿತ್ತು. ನನ್ನ ನಾಲಿಗೆ ಮಾತ್ರ, "ಗ್ಯಾರೇಜಲ್ಲಿ ಎಲ್ಲೋ ಇರಬೇಕು," ಎಂದಿತು.

ಮುಂದಿನ ಎರಡು ಶನಿವಾರ ಅವಳು ಬಂದು ಗ್ಯಾರೇಜು ಜಾಲಾಡಿದಳು. ಧೂಳಿಗೆ ಸೀನುತ್ತ ಒಂದೊಂದೇ ಡಬ್ಬ ಬಿಚ್ಚಿದಳು. ನಾನೂ ಜೊತೆಗೆ ಹುಡುಕಿದೆ. ಇಲ್ಲದ್ದನ್ನು ಮಗಳ ಪಕ್ಕ ಮಂಡಿಯೂರಿ ಹುಡುಕುವುದೆಂದರೆ ಏನು ಅಂತ ನನ್ನನ್ನು ಕೇಳಿ. ಎರಡನೆಯ ಶನಿವಾರ ಅವಳು ನೆಲದ ಮೇಲೆ ಕೂತು ಸುಮ್ಮನೆ ಕೈ ನೋಡಿಕೊಂಡಳು. ವೊವೊಗೆ ಏನು ಹೇಳಲಿ ಅಂತ ಕೇಳಿದಳು. ಇನ್ನೂ ನಾಲ್ಕು ಡಬ್ಬ ಇವೆಯಲ್ಲ, ಮುಂದಿನ ವಾರ ನೋಡೋಣ ಎಂದೆ.

ಆ ವಾರ ನಾನು ಹಳೆ ಸಾಮಾನು ಮಾರುವ ಆರು ತ್ರಿಫ್ಟ್ ಸ್ಟೋರು ಸುತ್ತಿದೆ. ಕೊನೆಯದರಲ್ಲಿ ಸಿಕ್ಕಿತು: ಎನಾಮಲ್ ತಟ್ಟೆ, ಬಿಳಿ ಮೈ, ನೀಲಿ ಅಂಚು. ಅಳತೆಯೂ ಹೆಚ್ಚುಕಮ್ಮಿ ಅಷ್ಟೇ. ಗಂಡನ ಟೂಲ್‌ಬಾಕ್ಸಿನಿಂದ ಅರ ತೆಗೆದು ಅಂಚಿನ ಒಂದು ಕಡೆ ಲೇಪ ಹೋಗುವವರೆಗೆ ಉಜ್ಜಿದೆ. ತಗಡು ಹೊಸದಾಗಿ ಹೊಳೆಯಿತು. ಉಪ್ಪುನೀರು ಹಚ್ಚಿ ಎರಡು ದಿನ ಬಿಟ್ಟೆ. ತುಕ್ಕು ಹಿಡಿಯಿತು. ಒರೆಸಿ, ಎಣ್ಣೆ ಹಚ್ಚಿ, ಕಪ್ಪು ಬರಿಸಿದೆ. ಲ್ಯಾಬಿನಲ್ಲಿ ಅಂಕಿಅಂಶ ತಿದ್ದಿದ ಇಬ್ಬರನ್ನು ಕೆಲಸದಿಂದ ತೆಗೆಸಿದವಳು ನಾನು. ನನ್ನ ಕೆಲಸ ಅಚ್ಚುಕಟ್ಟಾಗಿತ್ತು. ಅಮ್ಮ ಕೊಟ್ಟ ಸ್ಟೀಲ್ ಪಾತ್ರೆಗಳ ಡಬ್ಬದ ತಳದಲ್ಲಿ ಅದನ್ನಿಟ್ಟೆ. ಒಂದೊಂದು ಪಾತ್ರೆಯ ಬೆನ್ನ ಮೇಲೂ ಅಮ್ಮನ ಹೆಸರು ಕೊರೆಸಿತ್ತು. ಅಷ್ಟೆಲ್ಲ ಹೆಸರುಗಳನ್ನು ಕೈಯಲ್ಲಿ ಹಿಡಿದೂ, ವೊವೊಳ ತಟ್ಟೆಯ ಬೆನ್ನ ಮೇಲೆ ಏನಾದರೂ ಇದ್ದಿರಬಹುದೇ ಅಂತ ನನಗೆ ಹೊಳೆಯಲಿಲ್ಲ.

ಶನಿವಾರ ಅದು ಮಗಳಿಗೇ ಸಿಕ್ಕಿತು. ಅವಳು ಅದನ್ನು ಎದೆಗೊತ್ತಿಕೊಂಡಳು. ಸಿಂಕಿನಲ್ಲಿ ಸೋಪು ಹಾಕಿ, ಹಿಂದೆ ಮುಂದೆ ತಿಕ್ಕಿ ತಿಕ್ಕಿ ತೊಳೆದಳು. ಭಾನುವಾರ ನನ್ನನ್ನೂ ಕರೆದುಕೊಂಡು ಹೇವರ್ಡಿಗೆ ಹೊರಟಳು. ಬರುವುದಿಲ್ಲ ಅನ್ನಲು ಕಾರಣ ಸಿಗಲಿಲ್ಲ.

ವೊವೊ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದಳು. ಆ ದೊಡ್ಡ ಹೊಟ್ಟೆ ಇಳಿದುಹೋಗಿತ್ತು. ಮಗಳು ತಟ್ಟೆಯನ್ನು ಅವಳ ತೊಡೆಯ ಮೇಲಿಟ್ಟಳು. ಅವಳು ಹೆಬ್ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರಿದಳು. ನಾನು ಉಜ್ಜಿದ ಜಾಗದಲ್ಲಿ ಬೆರಳು ನಿಂತಿತು. ತಟ್ಟೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೆನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಗ್ರೋಸರಿಯಲ್ಲಿ ಟೀಶರ್ಟು ಓದಿದ ಮೇಲೆ ನೋಡಿದ್ದಳಲ್ಲ, ಅದೇ ನೋಟ.

"ಇದೇ," ಎಂದಳು ಮಗಳಿಗೆ. "ಇದೇ ತಟ್ಟೆ."

ಒಂದು ವಾರ ತನ್ನ ಹತ್ತಿರವೇ ಇರಲಿ ಎಂದಳು. ಮಗಳು ಖುಷಿಯಿಂದ ಬಿಟ್ಟು ಬಂದಳು. ನಾನು ಕಾರಿನಲ್ಲಿ ದಾರಿಯುದ್ದಕ್ಕೂ ಬದುಕಿಕೊಂಡೆ, ಬದುಕಿಕೊಂಡೆ ಅಂದುಕೊಂಡೆ. ನಾಚಿಕೆಯಾಗಬೇಕು.

ಮುಂದಿನ ಭಾನುವಾರ ಅಲ್ಲಿನ ನರ್ಸಮ್ಮ ಬಾಗಿಲಲ್ಲೇ ಸಿಕ್ಕಿ, ಇವರು ವಾರವಿಡೀ ಫೋರ್ಕು ಹಿಡಿದುಕೊಂಡು ಟಕ್ ಟಕ್ ಅಂತ ಏನನ್ನೋ ಕುಟ್ಟುತ್ತಲೇ ಇದ್ದರು ಎಂದಳು. ವೊವೊ ತಟ್ಟೆಯನ್ನು ಬೋರಲು ಮಾಡಿ ಮಗಳಿಗೆ ತೋರಿಸಿದಳು. ಬಿಳಿ ಬೆನ್ನ ಮೇಲೆ ಲೇಪ ಎಬ್ಬಿಸಿ ಮಾಡಿದ ನಾಲ್ಕು ಚುಕ್ಕೆ. ಸೊಟ್ಟ ಸಾಲು. ಅವಳು ಒಂದೊಂದರ ಮೇಲೂ ಬೆರಳಿಟ್ಟಳು. "ಅಜ್ಜಿ. ಅಮ್ಮ. ನಾನು." ನಾಲ್ಕನೆಯದರ ಮೇಲೆ ಇಟ್ಟು, "ನೀನು. ಆಗಲೇ ಹಾಕಿದ್ದೆ," ಎಂದಳು.

ಅಸಲಿ ತಟ್ಟೆಯ ಬೆನ್ನ ಮೇಲೆ ಏನಿತ್ತು ಅಂತ ನನಗೆ ಆಗ ತಿಳಿಯಿತು. ಅದಿಲ್ಲದ ತಟ್ಟೆಯನ್ನು ಕಂಡು ಅವಳಿಗೆ ಎಲ್ಲ ಅರ್ಥವಾಗಿತ್ತು. ನನ್ನ ಮಾನ ಉಳಿಸಲು ವಾರವಿಡೀ ಕುಟ್ಟಿದ್ದಳು. ನಾನು ಹೇಳಿದ ಸುಳ್ಳಿಗೆ ಅವಳು ತನ್ನದೊಂದು ಸುಳ್ಳು ಸೇರಿಸಿ ನನ್ನನ್ನು ಕಾಪಾಡಲು ನೋಡಿದಳು. ಚುಕ್ಕೆಗಳು ಮಾತ್ರ ಹೊಸ ತಗಡಿನ ಹೊಳಪಿನಲ್ಲಿದ್ದವು. ತುಕ್ಕು ಬರಿಸುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ.

ಮಗಳು ಬಗ್ಗಿ ಅವಳ ಹಣೆಗೆ ಮುತ್ತಿಟ್ಟಳು. ತಟ್ಟೆ ಕೆರೆದು ಎರಡು ಹಾಡು ಹಾಡಿದಳು. ವೊವೊ ಬಲಗೈಯಿಂದ ತೊಡೆ ತಟ್ಟಿದಳು. ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ಮಗಳು ಕಾರಿನ ಬಾಗಿಲು ತೆಗೆಯದೆ ನಿಂತಳು.

"ಹೋದ ವಾರ ಹಿಂದೆ ಏನೂ ಇರಲಿಲ್ಲ. ನಾನೇ ತೊಳೆದೆ," ಎಂದಳು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಒಂದೊಂದೇ ಪದ ಹುಡುಕಿ ಇಡುತ್ತಿದ್ದಳು. "ಅಮ್ಮಾ. ನಿಜವಾದ್ದು ಎಲ್ಲಿ?"

ಹೇಳಿದೆ. ಗುರುವಾರ, ಚೀಲ, ಟ್ರಕ್ಕು, ತಾತ ಹೋದದ್ದು, ಅಜ್ಜಿ ಅಂದದ್ದು, ಅರ, ಉಪ್ಪುನೀರು, ಎಲ್ಲ. ಅವಳು ಕಿರುಚಲಿಲ್ಲ. ನನ್ನನ್ನು ಮನೆಗೆ ಬಿಟ್ಟಳು, ಸೀಟ್‌ಬೆಲ್ಟು ಸಿಕ್ಕಿಕೊಂಡಾಗ ಬಿಡಿಸಿಕೊಟ್ಟಳು, ಹೋದಳು.

ಚಳಿಗಾಲದಲ್ಲಿ ವೊವೊ ತೀರಿಕೊಂಡಳು. ಅವಳಿಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಗುಂಪಿನವರು ಅವಳಿಗಾಗಿ ಕೆರೆಯ ಪಕ್ಕ ವೃತ್ತ ಸೇರಿದರು. ಯಾರೂ ಕರೆಯದಿದ್ದರೂ ನಾನು ಬಾರ್ಟ್ ಹತ್ತಿ ಹೋದೆ. ಮಂಜು ನೀರಿನ ಮೇಲೇ ಕೂತಿತ್ತು. ಮಗಳು ನಾಲ್ಕು ಚುಕ್ಕೆಯ ಆ ತಟ್ಟೆಯನ್ನೇ ಕೆರೆದಳು. ಆಮೇಲೆ ಅದನ್ನು ಇನ್ನೊಬ್ಬಳಿಗೆ ಕೊಟ್ಟು, ಕರೆಸಿಕೊಂಡು ಒಳಗಿಳಿದಳು. ವೊವೊಳ ಹಾಗೆಯೇ ಪಾದ ನೆಲ ಬಿಡಲಿಲ್ಲ. ಸುತ್ತು ಬರುತ್ತ ನನ್ನ ಮುಂದೆ ಬಂದಳು. ಬ್ಯಾಗನ್ನು ನಾನು ಹುಲ್ಲಿನ ಮೇಲಿಟ್ಟಿದ್ದೆ, ಹೊಟ್ಟೆಗೆ ಏನೂ ಅಡ್ಡ ಇರಲಿಲ್ಲ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ತಿರುಗಿ, ನನ್ನ ಪಕ್ಕದಲ್ಲಿದ್ದ ಹೆಂಗಸನ್ನು ಕರೆದಳು.

ಅಲ್ಲಿಂದೀಚೆಗೆ ಪ್ರತಿ ತಿಂಗಳೂ ಹೋಗುತ್ತೇನೆ. ಅವಳು ಹೋಗು ಅಂದಿಲ್ಲ, ಬಾ ಅಂತಲೂ ಅಂದಿಲ್ಲ. ಅಂಗೈ ಉರಿ ಬರುತ್ತದೆ. ಚಪ್ಪಾಳೆ ಮಾತ್ರ ನಿಲ್ಲಿಸುವುದಿಲ್ಲ.